ಎಲ್ಲ ಕಪ್ಪು, ಒಂದೊಂದೂ ಬೇರೆ

ಬಣ್ಣ ಕೇಳದ ಗಿರಾಕಿಯನ್ನು ಸೀಟಮ್ಮ ಅಲ್ಲಿಯವರೆಗೆ ಕಂಡಿರಲಿಲ್ಲ. ಲಾರಿಯ ಕ್ಯಾಬಿನ್ನಿನ ಒಳಗನ್ನು ಹೊಸದು ಮಾಡಿಸಲು ಬರುವವರು ಕೆಳಗಿಳಿಯುವ ಮೊದಲೇ ಬಣ್ಣದ ಮಾತೆತ್ತುತ್ತಾರೆ. ಒಬ್ಬನಿಗೆ ಕೆಂಪು ಸೀಟಿಗೆ ಹಳದಿ ಅಂಚು ಬೇಕು, ಇನ್ನೊಬ್ಬನಿಗೆ ಮಾವನ ಮನೆಯ ಸೋಫಾದ ಬಣ್ಣವೇ ಆಗಬೇಕು, ಮತ್ತೊಬ್ಬ ಹೆಂಡತಿ ಹೇಳಿಕೊಟ್ಟ ಬಣ್ಣ ಮರೆತು ಫೋನಿನಲ್ಲಿ ಬೈಸಿಕೊಂಡು ಮತ್ತೆ ಒಳಗೆ ಬರುತ್ತಾನೆ. ಅಂಥದ್ದರಲ್ಲಿ ಅವಳ ಒಡಹುಟ್ಟಿದ ಅಣ್ಣ, ಹೋದ ಸಲ ಸೀಟಿನ ನೀಲಿ ಒಂಚೂರು ಮಂಕಾಯಿತೆಂದು ಹೊಲಿದದ್ದನ್ನೆಲ್ಲ ಬಿಚ್ಚಿಸಿದ್ದವನು, ಈ ಸಲ ಷೆಡ್ಡಿನ ಬಾಗಿಲಲ್ಲಿ ನಿಂತು, "ಬಣ್ಣ ನಿನ್ನಿಷ್ಟ. ಎಲ್ಲ ಕಪ್ಪೇ ಹಾಕ್ಬಿಡು," ಎಂದ.

"ಎಲ್ಲ ಕಪ್ಪಾ? ಅದು ಕ್ಯಾಬಿನ್ನೋ ಇದ್ದಿಲ ಗೂಡೋ?"

"ಕಪ್ಪೇ ಇರ್ಲಿ. ಆದ್ರೆ ಒಂದಕ್ಕೆ ಹಾಕಿದ್ದನ್ನ ಇನ್ನೊಂದಕ್ಕೆ ಹಾಕ್ಬೇಡ. ಗುಂಡಿಗಳನ್ನೆಲ್ಲ ಒಂದೇ ಸಾಲಿಗೆ ತಾ, ಕೈಯಳತೆಗೆ. ಲಾರಿ ನಿಲ್ಲಿಸಿದ್ಮೇಲೆ ಎಳೆಯೋ ಬ್ರೇಕಿನ ಗುಂಡಿ ಸುತ್ತ ಮರದ ಬಳೆ, ಪಾಲಿಷ್ ಹೊಡೀಬಾರ್ದು, ನಾರು ಕೈಗೆ ಸಿಗ್ಬೇಕು. ಫ್ಯಾನಿನ ಗುಂಡಿಗೆ ಲೋಹದ ಬಳೆ. ಲೈಟಿಗೆ ಹುರಿ ಸುತ್ತಿದ್ದು. ವೈಪರಿಗೆ ಗೆರೆ ಗೆರೆ ರಬ್ಬರು. ಸ್ಟೀರಿಂಗಿಗೆ ಚರ್ಮ, ಅದರ ನೆತ್ತಿ ಮೇಲೆ ದಪ್ಪ ದಾರದ ಒಂದು ಗಂಟು. ಮತ್ತೆ ಯಾವುದೂ ಮಿಂಚ್ಬಾರ್ದು, ಕೇಳಿಸ್ತಾ? ಡ್ಯಾಶ್‌ಬೋರ್ಡಿನ ಮೇಲೆ ಮಖಮಲ್ಲಿನ ಹಾಗಿರೋ ಮೆತ್ತನೆ ಸ್ವೀಡು ಚರ್ಮ ಹಾಕು, ಬಿಸಿಲು ಬಿದ್ರೂ ಹೊಳೀಬಾರ್ದು."

ಇಷ್ಟನ್ನೂ ಅವನು ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಒಪ್ಪಿಸಿದ. ಒಪ್ಪಿಸುವಾಗ ತಂಗಿಯ ಮುಖ ನೋಡಲಿಲ್ಲ. ಅವಳ ಕಿವಿಯ ಆಚೆ, ಗೋಡೆಗೆ ಒರಗಿಸಿದ್ದ ಚರ್ಮದ ಸುರುಳಿಗಳನ್ನು ನೋಡುತ್ತಿದ್ದ. ಸೀಟಮ್ಮ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಗುರುತು ಹಾಕಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಹಾಲಿನವನ ಅಳತೆ, ಅಂಟಿನ ಡಬ್ಬಿಯ ತೂಕ, ಗಂಡ ಫೋನಿನಲ್ಲಿ ಮಾತಾಡುವಾಗ ತಗ್ಗಿಸುವ ದನಿ, ಎಲ್ಲದರ ಮೇಲೂ ಅವಳಿಗೊಂದು ಅನುಮಾನ ಸದಾ ಇಟ್ಟಿದ್ದೇ. ಊರವರ ಮೇಲೆ ಅನುಮಾನ ಪಟ್ಟವಳು ಅಣ್ಣನ ಮೇಲೆ ಮಾತ್ರ ಎಂದೂ ಪಟ್ಟಿರಲಿಲ್ಲ. ಅದಕ್ಕೇ ಈಗಿನದು ಅವಳಿಗೇ ಹೊಸದಾಗಿತ್ತು.

ಷೆಡ್ಡು ಅವರ ಅಪ್ಪನದು. ರಸ್ತೆಯಿಂದ ಇಳಿಜಾರಾದ ಸಿಮೆಂಟಿನ ದಾರಿ ಏರಿ ಒಳಗೆ ಬರಬೇಕು. ಒಳಗೆ ಎರಡು ಹೊಲಿಗೆ ಯಂತ್ರ, ಕತ್ತರಿಸುವ ಉದ್ದ ಮೇಜು, ಯಾವ ಕಿಟಕಿ ತೆರೆದರೂ ಹೋಗದ ಅಂಟಿನ ವಾಸನೆ. ಗೇಟಿನ ಆಚೆ ನೇರ ಎದುರಿಗೆ ಬಸ್ ನಿಲ್ದಾಣ. ಅಪ್ಪ ಸತ್ತ ಮೇಲೆ ಅಣ್ಣ ಲಾರಿ ತೆಗೆದುಕೊಂಡ, ತಂಗಿ ಷೆಡ್ಡು ಇಟ್ಟುಕೊಂಡಳು, ಇಬ್ಬರಿಗೂ ತಾವೇ ಗೆದ್ದೆವೆಂದು ಸಮಾಧಾನ. ಡ್ರೈವರುಗಳು ಅವಳನ್ನು ಸೀಟಮ್ಮ ಎಂದು ಕರೆದು ಕರೆದು ಅದೇ ಹೆಸರು ನಿಂತಿತು. ಅವಳ ಗಂಡ ಲೋಹ, ಮರದ ಕೆಲಸ ನೋಡಿಕೊಳ್ಳುತ್ತಿದ್ದ. ತಗಡಿನಷ್ಟೇ ತೆಳ್ಳಗಿದ್ದುದರಿಂದಲೂ ತಟ್ಟಿದರೆ ತಗಡಿನಷ್ಟೇ ಸದ್ದು ಮಾಡುತ್ತಿದ್ದುದರಿಂದಲೂ ಅವನು ತಗಡಯ್ಯನಾದ.

ಅಪ್ಪ ಬಿಟ್ಟುಹೋದದ್ದರಲ್ಲಿ ಷೆಡ್ಡಿಗಿಂತ ದೊಡ್ಡದು ಒಂದು ನಿಯಮ. ಯಾವ ಕೆಲಸ ಮುಗಿದರೂ ಕಣ್ಣು ಮುಚ್ಚಿ ಒಂದು ಸಲ ಕೈಯಾಡಿಸಬೇಕು. "ಕಣ್ಣು ಕ್ಷಮಿಸುತ್ತೆ, ಬೆರಳು ಕ್ಷಮಿಸಲ್ಲ," ಎನ್ನುತ್ತಿದ್ದ. ಮಕ್ಕಳಿಬ್ಬರಿಗೂ ಅದನ್ನು ಆಟದಲ್ಲೇ ಕಲಿಸಿದ್ದ. ಚೀಲದ ತುಂಬ ತುಂಡುಗಳು. ಕೈ ಹಾಕಿ, ನೋಡದೆ, ಯಾವುದೆಂದು ಹೇಳಬೇಕು. ಸೀಟಮ್ಮ ಚರ್ಮಕ್ಕೂ ರೆಕ್ಸಿನಿಗೂ ವ್ಯತ್ಯಾಸ ಹೇಳುವಷ್ಟರಲ್ಲಿ ಅಣ್ಣ, ಈ ಚರ್ಮ ಬೆನ್ನಿನದು, ಇದು ಹೊಟ್ಟೆಯದು ಎನ್ನುತ್ತಿದ್ದ. ಆ ಆಟದಲ್ಲಿ ಅವಳು ಅವನನ್ನು ಒಮ್ಮೆಯೂ ಸೋಲಿಸಲಿಲ್ಲ.

ಅಣ್ಣ ಹೋದ ಮೇಲೆ ಅವಳು ಗಂಡನಿಗೆ ವರದಿ ಒಪ್ಪಿಸಿದಳು.

"ಏನೋ ಇದೆ ಕಣ್ರೀ. ಮುಖ ಕೊಟ್ಟು ಮಾತಾಡ್ಲಿಲ್ಲ."

"ನಿನ್ನ ಮುಖ ನೋಡಿ ಮಾತಾಡೋಕೆ ನನಗೇ ಧೈರ್ಯ ಇಲ್ಲ, ಪಾಪ ಭಾವನ್ನ ಯಾಕೆ ಅಂತೀಯ?" ಎಂದ ತಗಡಯ್ಯ.

"ತಮಾಷೆ ಬೇಡ. ಕಪ್ಪು ಯಾಕೆ? ಮಿಂಚ್ಬಾರ್ದು ಯಾಕೆ? ಕತ್ತಲಲ್ಲಿ ನಿಲ್ಲಿಸಿದ್ರೆ ಒಳಗೆ ಯಾರಿದಾರೆ, ಏನಿದೆ ಅಂತ ಕಾಣ್ಬಾರ್ದು ಅಂತ ತಾನೆ?"

ತಗಡಯ್ಯ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಹೆಂಡತಿಯ ಅನುಮಾನಗಳಲ್ಲಿ ಹತ್ತಕ್ಕೆ ಒಂಬತ್ತು ಪೊಳ್ಳು ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಹತ್ತನೆಯದು ಮಾತ್ರ ಅವನನ್ನು ಯಾವಾಗಲೂ ಹೆದರಿಸುತ್ತಿತ್ತು.

ಮರುದಿನ ಅತ್ತಿಗೆ ಬಂದಳು. ಬಂದದ್ದೇ ಒಂದು ವಿಶೇಷ. ಮದುವೆಯಾದಾಗಿನಿಂದ ಅವಳು ಗಂಡನ ಲಾರಿಯನ್ನು ಸವತಿಯ ಹಾಗೆ ದೂರ ಇಟ್ಟವಳು. ಡೀಸೆಲ್ ವಾಸನೆಗೆ ತಲೆ ಸುತ್ತುತ್ತದೆ, ಎತ್ತರ ಹತ್ತಿದರೆ ಮಂಡಿ ಹಿಡಿಯುತ್ತದೆ, ದೂರ ಹೋದರೆ ವಾಂತಿ ಬರುತ್ತದೆ, ಹೀಗೆ ಮೈಯ ಒಂದೊಂದು ಅಂಗಕ್ಕೂ ಒಂದೊಂದು ನೆಪ ಕಟ್ಟಿಟ್ಟಿದ್ದಳು. ಅಂಥವಳು ಈಗ ಪಕ್ಕದ ಸೀಟಿನ ಮೇಲೆ ಕುಳಿತು ಅಳತೆ ಕೊಡುತ್ತಿದ್ದಳು.

"ಇದನ್ನ ಇನ್ನೂ ಮುಂದೆ ತಾಮ್ಮ. ಗಾಜಿಗೆ ಹತ್ರ. ಮತ್ತೆ ಎತ್ತರ ಮಾಡು, ರಸ್ತೆ ಪೂರ್ತಿ ಕಾಣೋ ಹಾಗೆ. ಗಾಜಿನ ಪಕ್ಕದ ಈ ಕಂಬದ ಮೇಲೆ ದಪ್ಪ ಹೊದಿಕೆ ಬೇಡ, ಅಡ್ಡ ಬರುತ್ತೆ."

"ನೀನೂ ಹೋಗ್ತೀಯಾ ಅತ್ತಿಗೆ, ಲಾರೀಲಿ?"

"ಹೂಂ. ಮನೇಲಿ ಒಬ್ಬಳೇ ಕೂತು ಬೇಜಾರು."

"ಇಷ್ಟು ವರ್ಷ ಬರದ ಬೇಜಾರು ಈಗ ಬಂತಾ?"

ಅತ್ತಿಗೆ ಬಾಗಿಲ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. "ಅದು ನೋಡು, ಬಸ್ ಬಂತು. ಮೂರು ಜನ ಇಳಿದ್ರು. ಒಬ್ಬ ಮುದುಕ ರಸ್ತೆ ದಾಟ್ತಿದಾನೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಸೀಟಮ್ಮ ಅಳತೆಯ ಟೇಪು ಕೆಳಗಿಟ್ಟಳು. ಇದು ಕಾವಲು ಕೂರುವವಳ ಅಭ್ಯಾಸ. ಮುಂದೆ ಪೊಲೀಸರಿದ್ದಾರೋ ತನಿಖೆಯವರಿದ್ದಾರೋ ನೋಡಿ ಹೇಳಲಿಕ್ಕೆ ಒಬ್ಬರು ಬೇಕು, ಹೊರಗಿನವರನ್ನು ನಂಬುವಂತಿಲ್ಲ, ಅದಕ್ಕೆ ಹೆಂಡತಿ. ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ. ಇಲ್ಲಿ ಹೊಗೆ ಕಣ್ಣಿಗೇ ಹೊಡೆಯುತ್ತಿತ್ತು.

ಹಾಗಾದರೆ ಸಾಗಿಸುವುದು ಏನನ್ನು? ಸಾಗಿಸುವವರು ಬಚ್ಚಿಡಲು ಜಾಗ ಮಾಡಿಸುತ್ತಾರೆ, ಜಾಗ ಮಾಡಿಸುವುದು ಸೀಟಿನವರ ಹತ್ತಿರವೇ. ಅಂಥ ಗಿರಾಕಿಗಳು ಅಪ್ಪನ ಕಾಲದಲ್ಲೂ ಬಂದಿದ್ದರು, ಅಪ್ಪ ಕತ್ತರಿ ತೋರಿಸಿ ಓಡಿಸಿದ್ದ. ಸೀಟಮ್ಮ ಕ್ಯಾಬಿನ್ನನ್ನು ಹೊರಗಿನಿಂದ ಅಳೆದಳು, ಒಳಗಿನಿಂದ ಅಳೆದಳು. ಬಾಗಿಲ ಹಲಗೆಗಳನ್ನು ತಟ್ಟಿ ಕಿವಿಗೊಟ್ಟಳು. ಮಲಗುವ ಹಲಗೆಯ ಕೆಳಗೆ ತಲೆ ತೂರಿಸಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಮೊಳೆ ಮೊಳೆ ನೋಡಿದಳು. ಸಿಕ್ಕಿದ್ದು ಒಂದು ಕಾಲುಚೀಲ. ಗೋಡೆಗೂ ತಗಡಿಗೂ ನಡುವೆ ಒಂದು ಬೆರಳಷ್ಟೂ ಲೆಕ್ಕ ತಪ್ಪಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿಯಾಗುತ್ತಿತ್ತು. ಸೀಟಮ್ಮನಿಗೆ, ಇಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆಂದರೆ ಎಷ್ಟು ದೊಡ್ಡದಿರಬೇಕು ಎಂದು ಇನ್ನಷ್ಟು ಭಯವಾಯಿತು.

ಕೊನೆಗೆ ತಡೆಯಲಾರದೆ ಅಣ್ಣನನ್ನೇ ಕೇಳಿದಳು. ಅವನು ಚರ್ಮ ಆರಿಸಲು ಬಂದಿದ್ದ. ಆರಿಸುವುದೆಂದರೆ ಸುರುಳಿ ಬಿಚ್ಚಿ ಹೆಬ್ಬೆರಳಲ್ಲಿ ಉಜ್ಜುವುದು, ಅಷ್ಟೇ.

"ಅಣ್ಣ, ನಿಜ ಹೇಳು. ಲಾರೀಲಿ ಏನು ಸಾಗಿಸ್ತಿದೀಯ?"

"ಸಿಮೆಂಟು. ಟೈಲ್ಸು. ಯಾಕೆ?"

"ಬೇರೆ ಏನೂ ಇಲ್ವಾ?"

"ನಿಮ್ಮ ಅತ್ತಿಗೆ," ಎಂದು ನಕ್ಕ. ನಗುವಾಗಲೂ ಕಣ್ಣು ಅವಳ ಭುಜದಾಚೆಗೇ ಇತ್ತು. ಪಕ್ಕದಲ್ಲಿದ್ದ ಅತ್ತಿಗೆಯ ಮುಖ ಮಾತ್ರ ಸುಣ್ಣದಂತಾಯಿತು. "ಅವರ ಮೇಲೆ ಯಾಕಮ್ಮ ಅನುಮಾನ ನಿನಗೆ? ನಾವೇನು ತಪ್ಪು ಮಾಡಿದೀವಿ?" ಎಂದು ಸಿಡುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೀಟಮ್ಮ ಮುಂದೆ ಮಾತು ಬೆಳೆಸಲಿಲ್ಲ. ತನ್ನ ಅಣ್ಣನನ್ನು ಹಾಳು ಮಾಡಿದವಳು ಇವಳೇ ಎಂದು ತೀರ್ಮಾನಿಸಿ, ಅವಳ ಸೀಟಿಗೆ ಹಾಕಬೇಕೆಂದಿದ್ದ ಒಳ್ಳೆಯ ಸ್ಪಂಜನ್ನು ತೆಗೆದು ಎರಡನೆಯ ದರ್ಜೆಯದನ್ನು ಹಾಕಿದಳು.

ಕೆಲಸ ಮಾತ್ರ ಅಂದವಾಗಿ ಮೂಡಿತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಸಂಕಟ, ಒಪ್ಪದಿರಲು ಸಾಧ್ಯವಿಲ್ಲ. ದೂರದಿಂದ ನೋಡಿದರೆ ಎಲ್ಲ ಕಪ್ಪು. ಹತ್ತಿರ ಹೋಗಿ ಕೈ ಇಟ್ಟರೆ ಒಂದೊಂದೂ ಒಂದೊಂದು ಮಾತಾಡುತ್ತಿತ್ತು. ಸ್ವೀಡು ಬೆರಳನ್ನು ಸ್ವಲ್ಪ ಹಿಡಿದು ಬಿಡುತ್ತಿತ್ತು. ಹುರಿ ಕಚಗುಳಿ ಇಡುತ್ತಿತ್ತು. ತಗಡಯ್ಯ ಮರದ ಬಳೆಗೆ ಕಪ್ಪು ಕುಡಿಸಿ, ಎಣ್ಣೆ ಸವರಿ, ನಾರು ಎದ್ದು ನಿಲ್ಲುವ ಹಾಗೆ ಉಜ್ಜಿದ್ದ. ಲೋಹದ ಬಳೆಗೆ ಕಪ್ಪು ಬಳಿದು, ಹೊಳಪು ಹೋಗಲೆಂದು ಉದ್ದುದ್ದ ಗೀರು ಹೊಡೆದಿದ್ದ. ಮೇಜಿನ ಮೇಲೆ ಎರಡೂ ಅಕ್ಕಪಕ್ಕ ಇಟ್ಟರೆ ಅವಳಿ ಜವಳಿ. "ನಾನು ಮಾಡಿದ್ದೇ ನನಗೆ ಗುರುತು ಸಿಗಲ್ಲ ನೋಡು," ಎಂದು ಅವನು ಹೆಮ್ಮೆಪಟ್ಟ.

ಅದೇ ಎಡವಟ್ಟಾಯಿತು. ಜೋಡಿಸುವ ದಿನ ಅಂಟು ಕೈಗೆ ಹತ್ತದಿರಲೆಂದು ಅವನು ಕೈಗವಸು ಹಾಕಿಕೊಂಡಿದ್ದ. ಕಣ್ಣಿನ ಲೆಕ್ಕದಲ್ಲಿ ಎರಡು ಬಳೆಗಳನ್ನೂ ಅಂಟಿಸಿದ, ಅದಲು ಬದಲಾಗಿ. ಬ್ರೇಕಿನ ಗುಂಡಿಗೆ ಲೋಹ ಕೂತಿತು, ಫ್ಯಾನಿನ ಗುಂಡಿಗೆ ಮರ. ಕಣ್ಣು ಮುಚ್ಚಿ ಒಂದು ಸಲ ಕೈಯಾಡಿಸಿದ್ದರೆ ಸೀಟಮ್ಮನಿಗೆ ಆಗಲೇ ಸಿಕ್ಕಿಬಿಡುತ್ತಿತ್ತು. ಆದರೆ ಅವಳು ಆ ಹೊತ್ತಿಗೆ ಟಾರ್ಚು ಹಿಡಿದು ಮತ್ತೆ ಸೀಟಿನ ಕೆಳಗಿದ್ದಳು. ಅಪ್ಪನ ನಿಯಮವನ್ನು ಅವಳು ತಪ್ಪಿಸಿದ್ದು ಅದೇ ಮೊದಲು.

ಅಣ್ಣ ಅತ್ತಿಗೆ ಮಧ್ಯಾಹ್ನ ಬಂದರು. ಅಣ್ಣ ಮೇಲೆ ಹತ್ತಿ ಕೂತು, ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸಿದ. ಸ್ಟೀರಿಂಗಿನ ನೆತ್ತಿಯ ಗಂಟನ್ನು ಹೆಬ್ಬೆರಳಿಂದ ಒತ್ತಿ ನೋಡಿದ. ಅವನ ಮುಖ ಅರಳಿದ್ದು ನೋಡಿ ಸೀಟಮ್ಮನಿಗೆ ಅನುಮಾನದ ನಡುವೆಯೂ ಖುಷಿಯಾಯಿತು.

"ಅಪ್ಪ ಇದ್ದಿದ್ರೆ ನಿನ್ನ ಕೈಗೆ ಬಳೆ ತೊಡಿಸ್ತಿದ್ದ ಕಣೇ. ಒಂದು ಸಲ ಹಿಂದೆ ಮುಂದೆ ಮಾಡಿ ನೋಡ್ತೀನಿ," ಎಂದ.

ತಗಡಯ್ಯ ತನ್ನ ಸ್ಟೂಲಿನಿಂದ ಎದ್ದು ಗೇಟು ತೆರೆದು, ಹಾಗೇ ಪಕ್ಕದ ಅಂಗಡಿಗೆ ಚಹಾ ಹೇಳಲು ಹೋದ. ಸ್ಟೂಲು ಇಳಿಜಾರಿನ ಮೇಲೇ ಉಳಿಯಿತು. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತು ಹಿಂದಿನ ಕನ್ನಡಿ ನೋಡುತ್ತ, "ಬನ್ನಿ, ಬನ್ನಿ, ಎಡಕ್ಕೆ, ಸಾಕು," ಎಂದಳು. ಒಳಗಿನ ಸಮನೆಲದಲ್ಲಿ ಬ್ರೇಕಿನ ಗುಂಡಿ ಎಳೆಯದೆಯೇ ನಿಂತಿದ್ದ ಲಾರಿ ಇಳಿಜಾರಿನ ತಲೆಯವರೆಗೆ ಬಂದು ನಿಂತಿತು. ಅಣ್ಣನ ಕೈ ಗುಂಡಿಗಳ ಸಾಲಿಗೆ ಹೋಯಿತು, ಮರದ ನಾರನ್ನು ಹುಡುಕಿ ಹಿಡಿಯಿತು, ಎಳೆಯಿತು. ಕಾಲನ್ನು ಬ್ರೇಕಿನಿಂದ ತೆಗೆದ.

ಫ್ಯಾನು ಬುಸ್ ಎಂದಿತು. ಲಾರಿ ಹಿಂದಕ್ಕೆ ಉರುಳತೊಡಗಿತು.

ಮೆಲ್ಲಗೇ ಉರುಳಿತು, ಆದರೆ ಲಾರಿಯ ಮೆಲ್ಲಗೆ ಮನುಷ್ಯರ ಮೆಲ್ಲಗೆ ಅಲ್ಲ. ಸೀಟಮ್ಮ ಅಣ್ಣನ ಕಡೆಯ ಬಾಗಿಲ ಮೆಟ್ಟಿಲ ಮೇಲೆ ನೇತಾಡುತ್ತಿದ್ದಳು. ಅಣ್ಣ ಆ ಗುಂಡಿಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಗುಂಡಿಯ ಮುಖದ ಮೇಲೆ ಬಿಳಿಯಲ್ಲಿ ಫ್ಯಾನಿನ ಚಿತ್ರ. ಎದುರಿಗೇ ಇದೆ, ನೋಡುತ್ತಲೂ ಇದ್ದಾನೆ, ಮತ್ತೆ ಅದನ್ನೇ ಎಳೆಯುತ್ತಿದ್ದಾನೆ. ಹಿಂದೆ ಏನೋ ಪಟಪಟನೆ ಮುರಿಯಿತು. ಅತ್ತಿಗೆ, "ಕಾಲು! ಕಾಲು ಒತ್ರೀ!" ಎಂದು ಚೀರಿದಳು. ಅಣ್ಣ ಕಾಲು ಒತ್ತಿದ. ಲಾರಿಯ ಹಿಂಭಾಗ ಗೇಟು ದಾಟಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಬಸ್ಸಿಗೆ ಕಾದಿದ್ದವರು ಚೆದುರಿ ಬೈಯುತ್ತಿದ್ದರು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಬೈಯಲೂ ಮರೆತು ನಿಂತಿದ್ದಳು.

ಎಲ್ಲರ ಕ್ಷಮೆ ಕೇಳಿ, ಲಾರಿಯನ್ನು ಒಳಗೆ ತಂದು, ಗೇಟು ಹಾಕಿದ್ದು ತಗಡಯ್ಯ. ಅಣ್ಣ ಕೆಳಗಿಳಿದು ಇಳಿಜಾರಿನ ಮೇಲೆ ನಿಂತ. ಸ್ಟೂಲು ಅವನ ಕಾಲ ಬುಡದಲ್ಲೇ ಚಪ್ಪಟೆಯಾಗಿ ಬಿದ್ದಿತ್ತು. ಅವನು ಅದನ್ನೇ ನೇರವಾಗಿ ನೋಡುತ್ತ ಕೇಳಿದ, "ಏನು ಮುರೀತು?"

ತಗಡಯ್ಯ ಹೆಂಡತಿಯ ಮುಖ ನೋಡಿದ.

ಅವನು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದ, ಗೋಡೆಯ ಕಡೆಗೆ. ಆಮೇಲೆ, "ಓ, ಸ್ಟೂಲು," ಎಂದ.

ಕಪ್ಪು ಯಾಕೆ, ಮಿಂಚಬಾರದು ಯಾಕೆ, ಗಂಟು ಯಾಕೆ, ಅತ್ತಿಗೆ ಯಾಕೆ, ಎಲ್ಲ ಒಟ್ಟಿಗೆ ಬಂದು ಸೀಟಮ್ಮನ ಮುಂದೆ ನಿಂತವು. ಬಚ್ಚಿಟ್ಟ ವಸ್ತು ಇಷ್ಟು ದಿನ ಅವಳ ಎದುರಿಗೇ ಓಡಾಡುತ್ತಿತ್ತು, ಅವಳು ಸೀಟಿನ ಕೆಳಗೆ ಹುಡುಕುತ್ತಿದ್ದಳು.

"ಯಾವಾಗಿಂದ?" ಎಂದು ಕೇಳಿದಳು.

ಅತ್ತಿಗೆಯೇ ಹೇಳಿದಳು. "ಹೋದ ವರ್ಷದಿಂದಮ್ಮ. ಕಣ್ಣಿನ ನಡುಮಧ್ಯ ಹೋಗ್ತಿದೆಯಂತೆ. ಸುತ್ತ ಇರೋದು ಕಾಣುತ್ತೆ, ನಡೀತಾರೆ, ಮೆಟ್ಟಿಲು ಹತ್ತುತ್ತಾರೆ. ಯಾವುದನ್ನ ನೋಡಬೇಕು ಅಂತಾರೋ ಅದೇ ಕಾಣಲ್ಲ. ಬೋರ್ಡು ಓದೋಕಾಗಲ್ಲ, ಮುಖ ಗುರುತು ಸಿಗಲ್ಲ. ವಾಪಸ್ ಬರಲ್ಲ ಅಂದ್ರು ಡಾಕ್ಟ್ರು."

"ಮತ್ತೆ ಓಡಿಸ್ತಿದೀರಾ? ಇಬ್ಬರೂ ಸೇರ್ಕೊಂಡು?"

"ನಾನು ಹೇಳ್ತೀನಿ, ಅವರು ತಿರುಗಿಸ್ತಾರೆ."

"ಎಷ್ಟು ಹೊತ್ತು ಹೇಳ್ತೀಯ ಅತ್ತಿಗೆ? ಸೀನು ಬಂದ್ರೆ?"

ಅತ್ತಿಗೆ ಮುಖಕ್ಕೆ ಸೆರಗು ಒತ್ತಿಕೊಂಡಳು. "ನಾನು ಬೇಡ ಅಂದೆ. ಕೇಳ್ಲಿಲ್ಲ. ಒಬ್ಬರನ್ನೇ ಕಳಿಸೋದಕ್ಕಿಂತ ಜೊತೆಗೆ ಹೋಗೋದು ವಾಸಿ ಅನ್ನಿಸ್ತು," ಎಂದಳು. ಅವಳ ಸೀಟಿಗೆ ಹಾಕಿದ ಎರಡನೆಯ ದರ್ಜೆಯ ಸ್ಪಂಜು ನೆನಪಾಗಿ ಸೀಟಮ್ಮನಿಗೆ ನಾಚಿಕೆಯಾಯಿತು.

ಅಣ್ಣ ಈಗ ಮಾತಾಡಿದ. ಬೇಡುವ ದನಿಯಲ್ಲ, ಕೆಲಸ ಹೇಳುವವನ ದನಿ. "ನೋಡು, ತಪ್ಪು ನಂದಲ್ಲ. ಬಳೆ ಅದಲು ಬದಲಾಗಿದೆ. ಮರ ಇರೋ ಕಡೆ ಮರ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ನೀನು ಅವೆರಡನ್ನ ಸರಿ ಮಾಡಿಕೊಡು, ಸಾಕು. ಚೀಲದಲ್ಲಿ ಕೈ ಹಾಕಿ ನಾನು ಯಾವತ್ತಾದ್ರೂ ತಪ್ಪು ಹೇಳಿದೀನಾ?"

"ರಸ್ತೆ ಅಪ್ಪನ ಚೀಲ ಅಲ್ಲ ಅಣ್ಣ."

"ಸ್ಟೀರಿಂಗ್ ಬಿಟ್ಟು ನಾನೇನು ಮಾಡ್ಲಿ? ಬಾಗಿಲಲ್ಲಿ ಕೂತು ಹೋಗೋ ಬರೋ ಲಾರಿ ಸದ್ದು ಕೇಳ್ಲಾ?" ಅವನು ಲಾರಿಯ ಬಾಗಿಲ ಮೇಲೆ ಕೈ ಇಟ್ಟ. "ನೀನು ಮಾಡ್ದೇ ಇದ್ರೆ ಬೇರೆ ಕಡೆ ಮಾಡಿಸ್ತೀನಿ. ಆದ್ರೆ ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ."

ಹೌದು, ಯಾರೂ ಮಾಡುವುದಿಲ್ಲ. ಅದೇ ಅವಳನ್ನು ಕೊಂದಿತು. ಅವಳ ಕೆಲಸ ಕೆಟ್ಟದಾಗಿದ್ದಿದ್ದರೆ ಅವನು ಇನ್ನು ಮುಂದೆ ಮನೆಯ ಗೇಟನ್ನೇ ದಾಟುತ್ತಿರಲಿಲ್ಲ. ಕಣ್ಣಿಲ್ಲದವನು ರಸ್ತೆಗಿಳಿಯುವಂಥ ಕ್ಯಾಬಿನ್ನನ್ನು ಅವಳು ಕೈಯಾರೆ, ಹೊಲಿಗೆ ಹೊಲಿಗೆಯಾಗಿ, ಕಟ್ಟಿಕೊಟ್ಟಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಬೈಯಬಹುದು. ಹಾಲಿನ ಬಟ್ಟಲನ್ನು ಬಾಯಿಗೆ ಹಿಡಿದವರಿಗೆ ಏನು ಹೇಳುವುದು?

ಸೀಟಮ್ಮ ಬಗ್ಗಿ ಮುರಿದ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ, "ಲಾರಿ ಇಲ್ಲೇ ಇರ್ಲಿ. ವಾರ ಬಿಟ್ಟು ಬಾ. ಸರಿ ಮಾಡಿ ಇಡ್ತೀನಿ," ಎಂದಳು.

ತಗಡಯ್ಯ ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡ. ಅವರು ಹೋದ ಮೇಲೆ ತಡೆಯಲಾರದೆ ಕೇಳಿದ, "ಹುಚ್ಚು ಹಿಡಿದಿದೆಯೇನೇ? ನಿಜವಾಗ್ಲೂ ಬಳೆ ಸರಿ ಮಾಡಿಕೊಡ್ತೀಯಾ?"

"ಬಳೆ ಕೀಳಿ," ಎಂದಳು ಸೀಟಮ್ಮ. "ಎಲ್ಲಾ ಕೀಳಿ."

ಮರ ಕಿತ್ತರು, ಲೋಹ ಕಿತ್ತರು, ಹುರಿ ಬಿಚ್ಚಿದರು, ರಬ್ಬರು ಸುಲಿದರು. ಸ್ವೀಡನ್ನು ಅವಳೇ ಚಾಕು ಹಾಕಿ ಎಳೆದಳು; ಎಳೆಯುವಾಗ ಅದು ಮಾಡಿದ ಸದ್ದು ಅವಳಿಗೆ ಸಹಿಸಲಾಗಲಿಲ್ಲ, ಆದರೂ ಕೈ ನಿಲ್ಲಿಸಲಿಲ್ಲ. ನುಣ್ಣನೆಯ, ನಾರಿಲ್ಲದ, ಗೆರೆಯಿಲ್ಲದ ಒಂದೇ ಒಂದು ರೆಕ್ಸಿನ್ ತೆಗೆದುಕೊಂಡಳು. ಬಾಗಿಲಿಗೆ ಅದೇ, ಡ್ಯಾಶ್‌ಬೋರ್ಡಿಗೆ ಅದೇ, ಸೀಟಿಗೆ ಅದೇ. ಗುಂಡಿಗಳಿಗೆಲ್ಲ ಒಂದೇ ಅಳತೆಯ ಒಂದೇ ಟೋಪಿ. ಹೊಲಿಗೆಯನ್ನು ಒಳಮಗ್ಗುಲಿಗೆ ಮಡಿಸಿದಳು, ಉಗುರು ಹಾಕಿದರೂ ಸಿಗದ ಹಾಗೆ. ಸ್ಟೀರಿಂಗಿನ ಗಂಟನ್ನು ಕೊನೆಗೆ ಬಿಚ್ಚಿದಳು. ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ಅಣ್ಣನ ಸೀಟಿನಲ್ಲೇ ಕೂತು ಅತ್ತಳು. ಆಮೇಲೆ ಗಂಡನನ್ನು ಕರೆದು, ಗುಂಡಿಗಳ ಮುಖದ ಮೇಲೆ ಅಚ್ಚ ಬಿಳಿಯಲ್ಲಿ, ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದಾಗಿ ಚಿತ್ರ ಬರೆಯಿಸಿದಳು. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದಳು. ಎಲ್ಲಿಂದ ಎಲ್ಲಿಗೂ ಒಂದೇ. ಅವಳ ಬೆರಳಿಗೆ ಎಲ್ಲೂ ದಾರಿ ಸಿಗಲಿಲ್ಲ.

ವಾರ ಕಳೆದು ಅಣ್ಣ ಅತ್ತಿಗೆ ಬಂದರು. ಬೆಳಗಿನ ಬಿಸಿಲು ಷೆಡ್ಡಿನ ಒಳಗೆ ಚೆನ್ನಾಗಿ ಬಿದ್ದಿತ್ತು. ಅಣ್ಣ ಮೇಲೆ ಹತ್ತಿದ, ಕೂತ. ಅತ್ತಿಗೆ ಆ ಕಡೆಯಿಂದ ಹತ್ತಲು ಕಾಲಿಟ್ಟವಳು, ಒಳಗನ್ನು ನೋಡಿ, ಅಲ್ಲೇ ನಿಂತಳು.

ಅಣ್ಣನ ಕೈ ಸ್ಟೀರಿಂಗಿನ ನೆತ್ತಿಗೆ ಹೋಯಿತು. ಹೆಬ್ಬೆರಳು ಗಂಟನ್ನು ಹುಡುಕಿತು. ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಕೈ ಡ್ಯಾಶ್‌ಬೋರ್ಡಿಗೆ ಇಳಿಯಿತು, ಗುಂಡಿಗಳ ಸಾಲಿಗೆ ಬಂತು, ಒಂದರ ಮೇಲೆ ನಿಂತಿತು, ಪಕ್ಕದ್ದಕ್ಕೆ ಹೋಯಿತು, ಮತ್ತೆ ಮೊದಲಿನದಕ್ಕೆ ಬಂತು. ಹಾಗೆ ತಡಕುವ ಅವನ ಕೈಯನ್ನು ಸೀಟಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಏನೇ ಮಾಡಿಬಿಟ್ಟೆ?" ಎಂದ. ದನಿ ಏರಿತು. "ಏನ್ ಮಾಡಿಬಿಟ್ಟೆ ನನ್ನ ಲಾರಿನ?"

"ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿದೀನಿ," ಎಂದಳು ಸೀಟಮ್ಮ. ಮೆಟ್ಟಿಲ ಮೇಲೆ ನಿಂತು, ಬಾಗಿಲು ಹಿಡಿದು, ಅಳು ಬರದ ಹಾಗೆ ಒಂದೊಂದೇ ಮಾತು ಆಡಿದಳು. "ಗುಂಡಿ ಮೇಲೆ ಚಿತ್ರ ಇದೆ. ಬೆಳ್ಳಗೆ, ದೊಡ್ಡದಾಗಿ ಬರೆಸಿದೀನಿ. ಬ್ರೇಕು ಯಾವುದು ಅಂತ ನೋಡಿ ಹೇಳು. ಹೇಳಿದ್ರೆ ಗೇಟು ನಾನೇ ತೆಗೀತೀನಿ."

ಅವನು ನೋಡಿದ. ಬಗ್ಗಿ ನೋಡಿದ, ಹಿಂದಕ್ಕೆ ಸರಿದು ನೋಡಿದ, ತಲೆ ಓರೆ ಮಾಡಿ ನೋಡಿದ. ಅತ್ತಿಗೆಯ ತುಟಿ ಅಲುಗಿತು. ಹೇಳಿಬಿಡುತ್ತಾಳೆಂದು ಸೀಟಮ್ಮ ಅವಳತ್ತ ನೋಡಿದಳು. ಅತ್ತಿಗೆ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಗೇಟಿನಾಚೆ ಬಸ್ಸು ಬಂದು, ಜನರನ್ನು ಇಳಿಸಿ, ಹೋಯಿತು. ತಗಡಯ್ಯ ಹೊಸ ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

ಅಣ್ಣನ ಕೈ ಗುಂಡಿಗಳನ್ನು ಬಿಟ್ಟು ಡ್ಯಾಶ್‌ಬೋರ್ಡಿನ ಅಂಚಿಗೆ ಬಂತು. ಅಲ್ಲಿ ಎರಡು ರೆಕ್ಸಿನ್ ಕೂಡುವ ಕಡೆ ಬೆರಳನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ಎಳೆದ.

"ಹೊಲಿಗೆ ಎಲ್ಲಿದೆ ಅಂತಾನೇ ಸಿಗ್ತಿಲ್ಲ," ಎಂದ. "ಚೆನ್ನಾಗಿದೆ."

ಕೀಲಿ ತೆಗೆದು ಅವಳ ಕಡೆಗೆ ಚಾಚಿದ. ಅವಳ ಕೈಯಿಂದ ಸ್ವಲ್ಪ ಆಚೆಗೆ ಚಾಚಿದ್ದ, ಅವಳೇ ಮುಂದೆ ಬಗ್ಗಿ ತೆಗೆದುಕೊಂಡಳು. ಆಮೇಲೆ ಅವನು ಮುಖವನ್ನು ಅವಳಿಂದ ಪಕ್ಕಕ್ಕೆ, ಚರ್ಮದ ಸುರುಳಿಗಳ ಕಡೆಗೆ ತಿರುಗಿಸಿ ಕೂತ.

"ನನ್ನ ಮೇಲೆ ಕೋಪನಾ ಅಣ್ಣ? ಮುಖ ಯಾಕೆ ತಿರುಗಿಸ್ತೀಯ?"

"ನಿನ್ನನ್ನ ನೋಡ್ಬೇಕು ಅಂದ್ರೆ ಈ ಕಡೆ ನೋಡ್ಬೇಕು ಕಣೇ," ಎಂದ ಅಣ್ಣ. "ಅಳ್ತಿದೀಯಾ ಅಂತ ನೋಡ್ತಿದ್ದೆ."